ಅಂಕ ಬಂತು, ಕಲಿತದ್ದೇನು?



2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಯನ್ನು ಸಾಧ್ಯವಾಗಿಸಿದೆ. ಬಾಗಿಲೇನೋ ತೆರೆದಿದೆ. ಒಳಹೋದ ನಮ್ಮ ಮಕ್ಕಳು ಏನನ್ನು ಕಲಿತು ಹೊರಬರುತ್ತಾರೆ ಎಂಬುದೇ ಇಂದಿನ ಪ್ರಶ್ನೆ.

ಇಂದು ಪದವಿ ಪಠ್ಯಕ್ರಮಗಳಲ್ಲಿ 'ಕಲಿಕಾ ಫಲಿತಾಂಶ'ಗಳ ಪಟ್ಟಿಯಿರುತ್ತದೆ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯೂ ಅದನ್ನು ಕೇಳುತ್ತದೆ. 'ವಿದ್ಯಾರ್ಥಿನಿಯು ಕೃಷಿ ಅರ್ಥಶಾಸ್ತ್ರವನ್ನು ಅರಿಯುವಳು' ಎಂದು ಬರೆದರೆ ಅದನ್ನು ಅಳೆಯುವುದು ಹೇಗೆ? 'ಜೇವರ್ಗಿಯ ತೊಗರಿ ಧಾರಣೆಯ ಏರಿಳಿತವನ್ನು ಅಂಕಿ-ಅಂಶಗಳಿಂದ ವಿವರಿಸಬಲ್ಲಳು' ಎಂದರೆ ಅಳೆಯಬಹುದು. ಆದರೆ ಪರೀಕ್ಷೆಯು ಗೈಡಿನ ವ್ಯಾಖ್ಯೆಯನ್ನೇ ಕೇಳಿದರೆ ಆ ವಾಕ್ಯವು ಬರೀ ಕಾಗದದ ಹೂವು. ಮೀಸಲು ಹುದ್ದೆಗೂ ಸ್ಪರ್ಧೆಯಿದೆ. ಅಲ್ಲಿ ಕಂಠಪಾಠವೊಂದೇ ಕೈಹಿಡಿಯದು.

ಅಫಜಲಪುರದ ತಂದೆಯೊಬ್ಬರು ಸಾಲ ಮಾಡಿ ಮಗಳನ್ನು ಓದಿಸುವುದು ಅಂಕಪಟ್ಟಿಗೆ ಚೌಕಟ್ಟು ಹಾಕಿಸಲಿಕ್ಕಲ್ಲ. ಆದ್ದರಿಂದ ಹೆತ್ತವರಾದ ನಾವು ಕಾಲೇಜಿಗೆ ಹೋದಾಗ ಎರಡು ಪ್ರಶ್ನೆಗಳನ್ನು ಕೇಳೋಣ: ಈ ವರ್ಷ ಮಗುವು ಏನನ್ನು ಸ್ವತಃ ಮಾಡಲು ಕಲಿಯಬೇಕಿತ್ತು? ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಿದ್ದಿ, ತಪ್ಪನ್ನು ತಿಳಿಸಿ ಹಿಂದಿರುಗಿಸಿದ್ದೀರಾ? ಕೇಳುವವರಿದ್ದರೆ ಮಾತ್ರ ಉತ್ತರಿಸುವವರು ಎಚ್ಚರವಾಗಿರುತ್ತಾರೆ.