ಒಣ ಸಕ್ಕರೆಯಲ್ಲಿ ಅಡಗಿದ್ದ ನೀರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಗದ ಮೇಲೆ ವರ್ಗವಾಗುತ್ತ ರಸಾಯನಶಾಸ್ತ್ರವನ್ನು ಬೋಧಿಸಿಯೇ ತಲೆ ನೆರೆತವನು ನಾನು. ಹೋದೆಡೆಯಲ್ಲೆಲ್ಲ ತಪ್ಪದೆ ಮಾಡಿ ತೋರಿಸಿದ ಪ್ರಯೋಗವೊಂದುಂಟು: ಬೀಕರಿನಲ್ಲಿ ನಾಲ್ಕು ಚಮಚ ಸಕ್ಕರೆ, ಅದರ ಮೇಲೆ ಪ್ರಬಲ ಗಂಧಕಾಮ್ಲ. ಸಕ್ಕರೆ ಹಳದಿಯಾಗಿ, ಕಂದಾಗಿ, ಕಪ್ಪಾಗಿ, ಇನ್ನೇನೂ ಆಗದೆಂಬಂತೆ ಕ್ಷಣಕಾಲ ಸುಮ್ಮನಿದ್ದು, ಒಮ್ಮೆಲೇ ಬುಸುಗುಟ್ಟಿ ಹಬೆಯುಗುಳುತ್ತ, ಹುತ್ತವೆದ್ದಂತೆ ಇದ್ದಿಲಿನ ಕಂಬವಾಗಿ ಪಾತ್ರೆಯ ಬಾಯಿಂದ ಮೇಲೇಳುವುದು.

ಈ ಆಮ್ಲ, ನಮ್ಮ ಹಿರಿಯರು ಶಾಯಿಗೆ ಬಳಸುತ್ತಿದ್ದ ಅನ್ನಭೇದಿಯನ್ನು ಕಾಯಿಸಿ ಬಟ್ಟಿಯಿಳಿಸಿದರೆ ದೊರೆಯುವ ಎಣ್ಣೆಯಂಥ ದ್ರವ. 1746ರಲ್ಲಿ ಜಾನ್ ರೋಬಕ್ ಬರ್ಮಿಂಗ್‌ಹ್ಯಾಮಿನಲ್ಲಿ ಸೀಸದ ಕೋಣೆ ಕಟ್ಟಿ ಅದನ್ನು ಅಗ್ಗವಾಗಿಸಿದನು. 1811ರಲ್ಲಿ ಗೇ-ಲ್ಯೂಸಾಕ್ ಮತ್ತು ತೆನಾರ್ ಎಂಬ ರಸಾಯನಜ್ಞರು, ಸಕ್ಕರೆಯಲ್ಲಿ ಜಲಜನಕವೂ ಆಮ್ಲಜನಕವೂ ನೀರಿನಲ್ಲಿರುವ ಪ್ರಮಾಣದಲ್ಲಿಯೇ ಇವೆಯೆಂದು ಕಂಡರು; ಆಮ್ಲವು ಅವೆರಡನ್ನೂ ನೀರಾಗಿ ಸೆಳೆದುಕೊಳ್ಳಲು, ಇದ್ದಿಲು ಉಳಿಯುವುದು. ಇಷ್ಟು ಸಾಕು, ನನ್ನ ಮನಸ್ಸು ಓಡುವುದು ಮೈಕೇಲ್ ಫ್ಯಾರಡೆಯ ಕಡೆಗೆ.

ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಬೆಳೆದ ಆ ಮಹಾನುಭಾವನು, 1860ರ ಕ್ರಿಸ್‌ಮಸ್ ಕಾಲದಲ್ಲಿ, ತನ್ನ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳ ಮುಂದೆ ನಿಂತು ಒಂದು ಮೇಣದ ಬತ್ತಿಯ ಕಥೆಯನ್ನು ಆರು ಉಪನ್ಯಾಸಗಳಲ್ಲಿ ಹೇಳತೊಡಗಿದನು. ಕಡೆಯ ಉಪನ್ಯಾಸದಲ್ಲಿ ಸಕ್ಕರೆ ಪಾಕಕ್ಕೆ ಇದೇ ಆಮ್ಲವನ್ನು ಸುರಿದು ಇದ್ದಿಲನ್ನು ಹೊರಡಿಸಿ, ಬತ್ತಿ ಉರಿವಂತೆಯೇ ನಾವುಂಡ ಸಕ್ಕರೆಯ ಇದ್ದಿಲೂ ನಮ್ಮ ಉಸಿರಿನಿಂದ ಒಳಗೊಳಗೇ ಉರಿಯುತ್ತಿದೆಯೆಂದು ತಿಳಿಸಿದನು. ಬಾಲಕರ ಬುದ್ಧಿಗೆ ಇದಕ್ಕಿಂತ ಹಿರಿದಾದ ಗೌರವವನ್ನು ನಾನು ಕಾಣೆ.

ನಮ್ಮ ಜಿಲ್ಲೆಯವರೇ ಆದ ಬೆಳ್ಳಾವೆ ವೆಂಕಟನಾರಣಪ್ಪನವರು, ಇಂಥ ಮಾತುಗಳನ್ನು ಕನ್ನಡದಲ್ಲಿಯೂ ಆಡಬಹುದೆಂದು ನಂಬಿ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲವೆಂಬ ಕೊರಗು ನನಗಿನ್ನೂ ಆರಿಲ್ಲ. ಆಮ್ಲದ ಶೀಸೆ ಬೀರುವಿನಲ್ಲಿಯೇ ಉಳಿದು, ಪ್ರಯೋಗವು ಬರಿಯ ಚಿತ್ರವಾಗಿ ಮಕ್ಕಳಿಗೆ ಸಿಕ್ಕುವುದನ್ನು ಕಂಡಾಗಲೂ ಅದೇ ಕೊರಗು.

ಪಾವಗಡದ ಕಡೆಯ ಒಂದು ಶಾಲೆ, ಚೈತ್ರದ ಬಿಸಿಲು. ಕೊಡ ಹೊತ್ತು ದೂರದಿಂದ ನೀರು ತಂದಿಟ್ಟು ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು, ನೂರು ಗ್ರಾಂ ಸಕ್ಕರೆಯಲ್ಲಿ ಇದ್ದಿಲು ನಲವತ್ತೆರಡೇ ಗ್ರಾಂ, ಮಿಕ್ಕ ಐವತ್ತೆಂಟೂ ನೀರಿನ ಅಂಶವೆಂದು ನಾನೆಂದೊಡನೆ ಎದ್ದು ನಿಂತಳು. “ಒಣಗಿದ ಸಕ್ಕರೆಯಾಗೆ ಅಷ್ಟು ನೀರು ಎಲ್ಲಿತ್ತು ಸಾರ್?”

ಕಿಟಕಿಗಳನ್ನೆಲ್ಲ ತೆರೆಯಿಸಿ, ಮಕ್ಕಳನ್ನು ಹಿಂದೆ ಸರಿಸಿ, ಹೊಸದಾಗಿ ಸಕ್ಕರೆಯಿಟ್ಟು ಆಮ್ಲ ಸುರಿದೆನು. ಹಬೆಯೆದ್ದೊಡನೆ ತಣ್ಣನೆಯ ಗಾಜಿನ ಬಿಲ್ಲೆಯೊಂದನ್ನು ಇಕ್ಕಳದಲ್ಲಿ ಅದರ ಮೇಲೆ ಹಿಡಿದೆನು. ಗಾಜು ಮಂಜಾಯಿತು, ಹನಿಗಳು ಕೂಡಿಕೊಂಡವು, ಒಂದು ಹನಿ ಮೆಲ್ಲನೆ ಅಂಚಿಗೆ ಜಾರಿತು. ಆಕೆ ಕೂರುವುದನ್ನೂ ಮರೆತು ಅದನ್ನೇ ನೋಡುತ್ತಿದ್ದಳು.