ಸತ್ತ ಬ್ಯಾಟರಿಯೊಳಗಿನ ಕಿಡಿ



ತೋಟಕ್ಕೆ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಅಂಗಳದ ಸೌರದೀಪ ಇವುಗಳೊಳಗೆಲ್ಲ ಇಂದು ಲಿಥಿಯಂ ಬ್ಯಾಟರಿ ಬಂದು ಕುಳಿತಿದೆ. ನಾಲ್ಕಾರು ಮಳೆಗಾಲ ದುಡಿದು ಅದು ಕೈಕೊಟ್ಟಾಗ ಕೊಟ್ಟಿಗೆಯ ಮೂಲೆಗೋ, ಕಸ ಸುಡುವ ರಾಶಿಗೋ, ಹಳ್ಳದ ದಂಡೆಗೋ ಎಸೆದು ನಿಶ್ಚಿಂತರಾಗುತ್ತೇವೆ. ಆದರೆ ಕೆಲಸಕ್ಕೆ ಬಾರದ ಬ್ಯಾಟರಿ ಬರಿದಾದ ಬ್ಯಾಟರಿಯಲ್ಲ. ಸಾಲಾಗಿ ಜೋಡಿಸಿದ ಕೋಶಗಳಲ್ಲಿ ಒಂದು ದುರ್ಬಲವಾದರೂ ಯಂತ್ರ ನಿಲ್ಲುತ್ತದೆ. ಉಳಿದ ಕೋಶಗಳಲ್ಲಿ ಶಕ್ತಿ ಹಾಗೆಯೇ ಇರುತ್ತದೆ. ಜಜ್ಜಿದರೆ, ತಂತಿಗಳೆರಡು ತಗುಲಿದರೆ, ಆ ಶಕ್ತಿಯೇ ಬೆಂಕಿಯಾಗುತ್ತದೆ. ಬೇಸಗೆಯ ಒಣ ಕಾಡಿನ ಅಂಚಿನಲ್ಲಿ ಇದರ ಅರ್ಥವೇನೆಂದು ತಮಗೆ ವಿವರಿಸಬೇಕಿಲ್ಲ.

ಉಪ್ಪುನೀರಿನಲ್ಲಿ ಮುಳುಗಿಸಿದರೆ ಸಾಕೆಂಬ ಸಲಹೆ ಅನೇಕರ ಬಾಯಲ್ಲಿದೆ. ಮನೆಯಲ್ಲಿ ಇದನ್ನು ಮಾಡಲೇಬಾರದು. ಉಪ್ಪುನೀರಿನಲ್ಲಿ ತುದಿಗಳು ಬೇಗ ಕೊರೆದುಹೋಗಿ, ವಿದ್ಯುತ್ತು ಒಳಗೇ ಉಳಿಯಬಹುದು. ಉರಿಯುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಕವಚ ತೂತಾದರೆ ಒಳಗಿನ ಫ್ಲೋರಿನ್‌ಯುಕ್ತ ಲವಣ ನೀರಿನೊಡನೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಆ ನೀರನ್ನು ಚೆಲ್ಲುವುದಾದರೂ ಎಲ್ಲಿಗೆ? ನಮ್ಮ ಕಪ್ಪು ಹರಿಯುವುದು ಹಳ್ಳಕ್ಕೆ.

ಹಾಗಾದರೆ ಮಾಡಬೇಕಾದುದೇನು? ಬ್ಯಾಟರಿ ಉಬ್ಬದೆ, ಬಿಸಿಯಾಗದೆ, ಸೋರದೆ ಇದ್ದರೆ, ಅದನ್ನು ಬಿಚ್ಚದೆ, ಅದರ ಯಂತ್ರವನ್ನೇ ತಾನಾಗಿ ನಿಲ್ಲುವವರೆಗೆ ನಡೆಸುವುದು ಸರಳ ದಾರಿ. ಯಂತ್ರವೇ ಕೆಟ್ಟಿದ್ದರೆ ಬಲ್ಬು ಉರಿಸಬಹುದು. ಉದಾಹರಣೆಗೆ, ಮೂರು ಕೋಶಗಳ ಸಾಲಿನ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ 12.6 ವೋಲ್ಟ್ ತೋರುತ್ತದೆ. ವಾಹನದ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಅದಕ್ಕೆ ಜೋಡಿಸಿದರೆ, 8 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕೈದು ಗಂಟೆಗಳಲ್ಲಿ ನಿಧಾನವಾಗಿ ಬರಿದಾಗುತ್ತದೆ. ಮೀಟರಿನಲ್ಲಿ 9 ವೋಲ್ಟ್ ಕಂಡಾಗ ನಿಲ್ಲಿಸಿರಿ. ಬಯಲಿನಲ್ಲಿ, ಕಲ್ಲಿನ ಮೇಲಿಟ್ಟು, ಪಕ್ಕದಲ್ಲಿದ್ದು ನೋಡಿಕೊಳ್ಳಿರಿ. ಬಲ್ಬು ಕೈ ಸುಡುವಷ್ಟು ಕಾಯುತ್ತದೆ; ಬ್ಯಾಟರಿಯೇ ಬಿಸಿಯೇರಿದರೆ ಕೂಡಲೇ ಬಿಡಿಸಿರಿ. ಬಳಿಕ ತಂತಿಯ ತುದಿಗಳಿಗೆ ಬೇರೆಬೇರೆಯಾಗಿ ಇನ್ಸುಲೇಷನ್ ಟೇಪ್ ಸುತ್ತಿರಿ. ಅದನ್ನು ಮತ್ತೆ ಚಾರ್ಜ್ ಮಾಡಬೇಡಿರಿ.

ಉಬ್ಬಿದ ಬ್ಯಾಟರಿಯನ್ನು ಬರಿದಾಗಿಸುವ ಸಾಹಸವೇ ಬೇಡ. ಮಣ್ಣಿನ ಮಡಕೆಯಲ್ಲಿ ಒಣ ಮರಳು ತುಂಬಿ, ಅದರೊಳಗಿಟ್ಟು, ಮನೆಯಿಂದಲೂ ಹುಲ್ಲುಬಣವೆಯಿಂದಲೂ ದೂರ, ಮಳೆ ತಾಗದಲ್ಲಿ ಇಡಿರಿ.

ಮುಂದಿನ ಹೊಣೆ ನಮ್ಮೊಬ್ಬರದೇ ಅಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬೇರೆ ಕಸದೊಡನೆ ಬೆರೆಸದಿರುವುದು ಬಳಸುವವರ ಕರ್ತವ್ಯ. ಹೊಸ ಪಂಪು ಕೊಳ್ಳುವಾಗಲೇ "ಹಳೆಯ ಬ್ಯಾಟರಿಯನ್ನು ಎಲ್ಲಿ ಒಪ್ಪಿಸಬೇಕು?" ಎಂದು ಅಂಗಡಿಯಲ್ಲಿ ಕೇಳೋಣ. ಗ್ರಾಮಸಭೆಯಲ್ಲಿ ಇದಕ್ಕೊಂದು ಪ್ರತ್ಯೇಕ ಮರಳಿನ ತೊಟ್ಟಿಗಾಗಿ ಒತ್ತಾಯಿಸೋಣ. ಘಟ್ಟದ ನೀರನ್ನು ಕೆಳಗಿನ ಊರುಗಳೂ ಕುಡಿಯುತ್ತವೆ. ಅದನ್ನು ಮೊದಲು ಮುಟ್ಟುವವರು ನಾವು.