ಪೇ ಬಟನ್ ಮೇಲೆ ‘ನ್ಯಾನ್’ ರೂಪಾಯಿ

ಇವತ್ತು ಒಂದು ರಾತ್ರಿಯ ಕಥೆ ಹೇಳ್ತೀನಿ. ಕೋಡ್ ಬರೆಯದವರೂ ಕೇಳಬಹುದು, ತುಂಬಾ ತಲೆ ತಿನ್ನಲ್ಲ.

ಆಗ ನಾನು ಬಸ್ ಟಿಕೆಟ್ ಬುಕ್ ಮಾಡೋ ಒಂದು ವೆಬ್‌ಸೈಟ್‌ನ ತಂಡದಲ್ಲಿದ್ದೆ. ದೀಪಾವಳಿಗೆ ಮೂರು ದಿನ. ಬೆಂಗಳೂರಿನಿಂದ ಊರಿಗೆ ಹೊರಟವರೆಲ್ಲ ಒಟ್ಟಿಗೇ ಸೀಟ್ ಹುಡುಕೋ ಹೊತ್ತು. ರಾತ್ರಿ ಹತ್ತೂವರೆಗೆ ಕಸ್ಟಮರ್ ಕೇರ್‌ನಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಹಣ ಕಟ್ಟೋ ಬಟನ್ ಮೇಲೆ ಮೊತ್ತದ ಜಾಗದಲ್ಲಿ ‘ನ್ಯಾನ್’ ಅಂತ ಇದೆ. ‘ನಾಟ್ ಎ ನಂಬರ್’, ಅಂದರೆ ಇದು ಸಂಖ್ಯೆಯೇ ಅಲ್ಲ ಅಂತ ಜಾವಾಸ್ಕ್ರಿಪ್ಟ್ ಕೈಚೆಲ್ಲಿದಾಗ ಕಾಣೋದು ಅದು. ಒತ್ತಿದರೆ ಏನೂ ಆಗಲ್ಲ. ಹತ್ತು ನಿಮಿಷ ಹಿಡಿದಿಟ್ಟ ಸೀಟು ಕೈತಪ್ಪಿ ಹೋಗ್ತಿತ್ತು. ಹುಬ್ಬಳ್ಳಿಗೆ ಹೊರಟಿದ್ದ ಒಬ್ಬರು ನಾಲ್ಕು ಸಲ ಪ್ರಯತ್ನಿಸಿ, ‘ಸರ್, ಹಬ್ಬಕ್ಕೆ ಅವ್ವ ಕಾಯಾಕತ್ತಾಳ’ ಅಂತ ಬರೆದಿದ್ದರು.

ನಾವು ಬಳಸ್ತಿದ್ದದ್ದು ವ್ಯೂ 3. ಅದರಲ್ಲಿ ಒಂದು ಪೇಜ್ ಅಂದರೆ ಕಾಂಪೊನೆಂಟ್‌ಗಳ ಮರ. ಮೇಲಿನ ಕಾಂಪೊನೆಂಟ್ ಹತ್ತಿರ ಇರೋ ಮಾಹಿತಿ ಎಲ್ಲೋ ಕೆಳಗಿನ ಬಟನ್‌ಗೆ ಬೇಕು. ರಶ್ ಇರೋ ಸಿಟಿ ಬಸ್ಸಲ್ಲಿ ಹಿಂದಿನವರು ಕಂಡಕ್ಟರ್‌ಗೆ ದುಡ್ಡು ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ ಪ್ರಾಪ್ಸ್ ಮೂಲಕ ದಾಟಿಸಬಹುದು. ಬೇಜಾರಿನ ಕೆಲಸ. ಅದಕ್ಕೇ ಡಿಪೆಂಡೆನ್ಸಿ ಇಂಜೆಕ್ಷನ್. ಮೇಲೆ ‘ಪ್ರೊವೈಡ್’ ಮಾಡಿದ್ದನ್ನು ಎಷ್ಟೇ ಕೆಳಗಿನಿಂದಲೂ ಹೆಸರು ಹೇಳಿ ‘ಇಂಜೆಕ್ಟ್’ ಮಾಡಿಕೊಳ್ಳಬಹುದು. ಆ ಹೆಸರೇ ನಮ್ಮನ್ನ ಮುಳುಗಿಸಿದ್ದು.

ನಾವು ಇಟ್ಟಿದ್ದ ಹೆಸರು ‘ಸೆಟ್ಟಿಂಗ್ಸ್’, ಬರೀ ಒಂದು ಸ್ಟ್ರಿಂಗ್. ಅದರೊಳಗೆ ಸೇವಾ ಶುಲ್ಕ. ಆಫರ್ ನೋಡಿಕೊಳ್ಳೋ ತಂಡದವರು ಅದೇ ಸಂಜೆ ಮಧ್ಯದ ಒಂದು ಕಾಂಪೊನೆಂಟ್‌ನಲ್ಲಿ ತಮ್ಮ ರಿಯಾಯಿತಿ ವಿವರವನ್ನೂ ‘ಸೆಟ್ಟಿಂಗ್ಸ್’ ಅಂತಲೇ ಪ್ರೊವೈಡ್ ಮಾಡಿದ್ದರು. ವ್ಯೂ ಯಾವಾಗಲೂ ಹತ್ತಿರದವರನ್ನೇ ಹಿಡಿಯುತ್ತೆ. ಅಲ್ಲಿ ಶುಲ್ಕ ಇರಲಿಲ್ಲ, ‘ಅನ್‌ಡಿಫೈನ್ಡ್’ ಬಂತು. ಟಿಕೆಟ್ ದರಕ್ಕೆ ಅದನ್ನು ಕೂಡಿದರೆ ನ್ಯಾನ್.

‘ಟೈಪ್‌ಸ್ಕ್ರಿಪ್ಟ್ ಇತ್ತಲ್ಲ, ಅದು ಹಿಡೀಲಿಲ್ವಾ?’ ಅಂತ ಕೇಳಬಹುದು. ಎಚ್ಚರಿಸಿತ್ತು ಕಣ್ರೀ! ಸ್ಟ್ರಿಂಗ್ ಕೊಟ್ಟು ಇಂಜೆಕ್ಟ್ ಮಾಡಿದರೆ ಸಿಗೋದರ ಟೈಪ್ ‘ಅನ್‌ನೋನ್’. ಆ ಕೆಂಪು ಗೆರೆ ಕಾಟ ತಡೀಲಾರದೆ ‘ಆ್ಯಸ್’ ಅಂತ ಹಾಕಿ, ಇದು ನಮ್ಮ ಸೆಟ್ಟಿಂಗ್ಸೇ, ನನ್ನ ನಂಬು ಅಂತ ಕಂಪೈಲರ್ ಬಾಯಿ ಮುಚ್ಚಿಸಿದವನು ನಾನೇ.

ಹೆಸರು ಬದಲಿಸಿ ಸರಿ ಮಾಡೋ ಹೊತ್ತಿಗೆ 11:40. ಮುಂದಿನ ವಾರ ‘ಇಂಜೆಕ್ಷನ್‌ಕೀ’ಗೆ ಬಂದೆವು. ಅದು ಸಿಂಬಲ್. ಇಬ್ಬರು ಒಂದೇ ಹೆಸರಿನಲ್ಲಿ ಮಾಡಿಕೊಂಡರೂ ಎರಡು ಬೇರೆ ಬೇರೆಯೇ. ಜೊತೆಗೆ, ಯಾವ ಟೈಪ್‌ನ ವಸ್ತು ಅನ್ನೋದು ಕೀಗೇ ಅಂಟಿರುತ್ತೆ, ತಪ್ಪು ವಸ್ತು ಕೊಟ್ಟರೆ ಟೈಪ್ ಚೆಕ್‌ನಲ್ಲೇ ಸಿಕ್ಕಿಬೀಳುತ್ತೆ. ಆ್ಯಂಗ್ಯುಲರ್ ಬಳಸೋರಿಗೆ ‘ಇಂಜೆಕ್ಷನ್‌ಟೋಕನ್’ ಗೊತ್ತಿರುತ್ತೆ. ಟೈಪ್‌ಸ್ಕ್ರಿಪ್ಟ್‌ನ ಇಂಟರ್‌ಫೇಸ್ ಬ್ರೌಸರ್ ತಲುಪೋ ಹೊತ್ತಿಗೆ ಅಳಿಸಿಹೋಗಿರುತ್ತೆ, ಹಾಗಾಗಿ ಅಲ್ಲೂ ಕೈಗೆ ಸಿಗೋ ಒಂದು ಟೋಕನ್ ಬೇಕೇ ಬೇಕು.

ಹಾಗಂತ ಪೂರ್ತಿ ನಿಶ್ಚಿಂತೆ ಇಲ್ಲ. ಮೇಲೆ ಯಾರೂ ಪ್ರೊವೈಡ್ ಮಾಡದೇ ಇದ್ದರೆ ಅದು ಟೈಪ್‌ಸ್ಕ್ರಿಪ್ಟ್‌ಗೆ ತಿಳಿಯಲ್ಲ. ‘ಅನ್‌ಡಿಫೈನ್ಡ್ ಆಗಿರಬಹುದು’ ಅಂತಷ್ಟೇ ಹೇಳುತ್ತೆ. ಅದಕ್ಕೆ ನಾವು ನಾಲ್ಕು ಸಾಲಿನ ಫಂಕ್ಷನ್ ಬರೆದೆವು. ವಸ್ತು ಸಿಗದಿದ್ದರೆ ಯಾವ ಕೀ ಅಂತ ಹೆಸರು ಹೇಳಿ ಅಲ್ಲೇ ಎರರ್ ಎಸೆಯುತ್ತೆ. ಡೆವಲಪರ್ ಮುಂದೆಯೇ ಒಡೀಲಿ ಬಿಡಿ, ಪ್ಯಾಸೆಂಜರ್ ಮುಂದೆ ಯಾಕೆ?

ಆ ಹುಬ್ಬಳ್ಳಿಯವರಿಗೆ ಬೆಳಿಗ್ಗೆ ನಾನೇ ಫೋನ್ ಮಾಡಿ, ಈಗ ಬುಕ್ ಆಗುತ್ತೆ ಅಂದೆ. ‘ಇರ್ಲಿ ಬಿಡ್ರಿ, ರೈಲಿನ ಜನರಲ್ ಬೋಗಿಯೊಳಗ ನಿಂತು ಹೊಂಟೀನಿ’ ಅಂದರು.